ಬೆನ್ನ ಹಿಂದಿನ ಉಸಿರು

"ಗುರುಗಳೇ, ಜೊತೆಗಿರುವವರು ನಿಧಾನವಾದರೆ, ಮುಂದೆ ಹೋಗಬಲ್ಲವನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳ ಆಶ್ರಮ ಗುಡ್ಡದ ಮೇಲಿತ್ತು. ಕೆಳಗಿನಿಂದ ಮುನ್ನೂರು ಮೆಟ್ಟಿಲು. ಶಿಷ್ಯ ಹೆಂಡತಿಯೊಡನೆ ಹೊರಟಿದ್ದ. ಒಬ್ಬನೇ ಬಂದು ನಿಂತಿದ್ದ.

"ಯಾರು ನಿಧಾನ?"

"ನನ್ನ ಹೆಂಡತಿ. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ. ಏದುಸಿರು ಬಿಡುತ್ತಾಳೆ. ಆ ಸದ್ದು ಕೇಳಿ ಕೇಳಿ ಸಾಕಾಯಿತು. ಮುಂದೆ ಬಂದುಬಿಟ್ಟೆ."

"ಕೂತುಕೋ" ಎಂದರು ಗುರುಗಳು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನಿಗೂ ಅವನ ಹೆಂಡತಿಗೂ ಸೈಕಲ್ ಸ್ಪರ್ಧೆಯ ಹುಚ್ಚು. ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಸ್ಪರ್ಧೆಗಳು ಶುರುವಾಗಿ, ಮಳೆಗೆ ಮೊದಲು ಮುಗಿಯುತ್ತಿದ್ದವು. ಎಲ್ಲಕ್ಕೂ ಕೊನೆಯದು ಗಂಡಹೆಂಡಿರ ಸ್ಪರ್ಧೆ. ಅದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಂದು ಜೋಡಿ ಹೊರಟು ಎರಡು ನಿಮಿಷವಾದ ಮೇಲೆ ಇನ್ನೊಂದು ಜೋಡಿ. ಹೋರಾಟ ಗಡಿಯಾರದ ಜೊತೆ. ಹತ್ತು ಮೈಲಿ ಹೋಗಿ, ಒಂದು ಕಲ್ಲನ್ನು ಸುತ್ತಿ, ಹಿಂದಕ್ಕೆ ಬರಬೇಕು. ಇಬ್ಬರಲ್ಲಿ ಮೊದಲನೆಯವರು ಗೆರೆ ದಾಟಿದರೆ ಗಡಿಯಾರ ನಿಲ್ಲದು. ಹಿಂದೆ ಉಳಿದವರು ದಾಟಿದಾಗಲೇ ನಿಲ್ಲುವುದು. ಅದು ಅಲ್ಲಿನ ಕಟ್ಟಳೆ.

ಐವತ್ತು ತುಂಬಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬಡಗಿಗೆ ನಲವತ್ತೊಂಬತ್ತು. ಎರಡು ಸಲ ಎರಡನೆಯ ಸ್ಥಾನಕ್ಕೆ ನಿಂತಿದ್ದರು. ಗೆಲ್ಲಲು ಉಳಿದದ್ದು ಅದೊಂದೇ ವರ್ಷ.

ಬಡಗಿ ಬೆಳಿಗ್ಗೆ ಒಬ್ಬನೇ ಅಭ್ಯಾಸ ಮಾಡಿದ. ಹೆಂಡತಿ ಮಧ್ಯಾಹ್ನ, ಮನೆಗೆಲಸ ಮುಗಿಸಿ, ಒಬ್ಬಳೇ ಮಾಡಿದಳು. ಎಷ್ಟು ನಿಮಿಷ ಹಿಡಿಯಿತೆಂದು ಇಬ್ಬರೂ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ದಿನದಿನಕ್ಕೆ ನಿಮಿಷಗಳು ಇಳಿದವು. ಸಂಜೆ ಅವನು ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳು ಅವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

ಸ್ಪರ್ಧೆಗೆ ಹದಿನೈದು ದಿನ ಇರುವಾಗ ಜೊತೆಯಾಗಿ ಹೊರಟು ನೋಡಿದರು. ಅವಳು ಒಬ್ಬಳೇ ಹೋಗಿ ಬಂದಾಗ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮುಂದಿನವರು ಗಾಳಿ ಸೀಳಿಕೊಂಡು ಹೋಗುತ್ತಾರೆ. ಹಿಂದಿನವರ ಚಕ್ರ ಒಂದು ಗೇಣು ದೂರದಲ್ಲಿದ್ದರೆ ಅವರಿಗೆ ಗಾಳಿ ತಟ್ಟದು. ಒಂದು ಮಾರು ದೂರವಾದರೆ ತಟ್ಟುತ್ತದೆ. ಬಡಗಿ ಮುಂದಿದ್ದ. ಹೆಂಡತಿ ಬಂದಳೋ ಇಲ್ಲವೋ ಎಂದು ಮತ್ತೆ ಮತ್ತೆ ತಿರುಗಿ ನೋಡಿದ. ತಿರುಗಿದಾಗಲೆಲ್ಲ ಅವನ ಸೈಕಲ್ ವಾಲಿತು. ಅವನಿಗೆ ತಾಗಬಾರದೆಂದು ಅವಳು ಬ್ರೇಕ್ ಹಿಡಿದಳು. ಗೇಣಿನ ದೂರ ಒಂದು ಮಾರು ಆಯಿತು.

ಸೈಕಲ್ ಇಳಿದವಳೇ ಕೇಳಿದಳು. "ಅದೇನ್ರೀ ಹಾಗೆ ತಿರುಗಿ ತಿರುಗಿ ನೋಡೋದು? ನಾನೇನು ಓಡಿಹೋಗ್ತೀನಾ?"

"ನೀನು ಹಿಂದೆ ಬಿದ್ದರೆ ನನಗೆ ಗೊತ್ತಾಗೋದು ಹೇಗೆ ಮಾರಾಯ್ತಿ?"

"ಬೆನ್ನಿಗೆ ಕಣ್ಣಿಲ್ಲ, ಸರಿ. ಕಿವಿಯೂ ಇಲ್ವಾ? ನನ್ನ ಏದುಸಿರು ಊರಿಗೇ ಕೇಳುತ್ತೆ. ಅದು ಕೇಳ್ತಾ ಇದ್ದರೆ ನಾನಿದ್ದೀನಿ ಅಂತ. ಕೇಳದಿದ್ದರೆ ಕಾಲು ಸಡಿಲ ಬಿಡಿ."

ಅಂದಿನಿಂದ ಬಡಗಿ ಬೆಳಿಗ್ಗೆ ಒಬ್ಬನೇ ಹೋಗಲಿಲ್ಲ. ಹದಿನಾಲ್ಕು ದಿನ ಕಾಲಿನ ಅಭ್ಯಾಸ ಬಿಟ್ಟು ಕಿವಿಯ ಅಭ್ಯಾಸ ಮಾಡಿದ. ಏರಿನಲ್ಲಿ ಅವಳ ಉಸಿರು ಹೇಗೆ, ಇಳಿಜಾರಿನಲ್ಲಿ ಹೇಗೆ, ಸೋತಾಗ ಹೇಗೆ, ಸೋತದ್ದನ್ನು ಮುಚ್ಚಿಡುವಾಗ ಹೇಗೆ, ಕಲಿತ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅದುವರೆಗೆ ಕೇಳಿರಲಿಲ್ಲ.

ಸ್ಪರ್ಧೆಯ ದಿನ ಕಲ್ಲು ಸುತ್ತಿ ತಿರುಗಿದರು. ಕೊನೆಯ ಎರಡು ಮೈಲಿ ಎದುರುಗಾಳಿ. ಗೆರೆಯ ಬಳಿಯ ಬಾವುಟ ಕಂಡಿತು. ಬಡಗಿಯ ಕಾಲಿನಲ್ಲಿ ಇನ್ನೂ ಕಸುವಿತ್ತು. ಒತ್ತಿ ತುಳಿದ.

ಹಿಂದಿನ ಉಸಿರು ಕೇಳದಾಯಿತು.

ಅವನು ತಿರುಗಿ ನೋಡಲಿಲ್ಲ. ಕೂಗಲಿಲ್ಲ. ಕಾಲು ಸಡಿಲ ಬಿಟ್ಟ. ಕಿವಿಯಲ್ಲಿ ಗಾಳಿಯೊಂದೇ. ಗಡಿಯಾರ ಓಡುತ್ತಿತ್ತು. ಬಾವುಟ ಅಲ್ಲೇ ಇತ್ತು. ಅವನು ಕಾದ.

ಬೆನ್ನ ಹಿಂದೆ ಉಸಿರು ಕೇಳಿತು. ಮತ್ತೆ ತುಳಿದ. ಆ ಉಸಿರು ತಾಳುವಷ್ಟೇ ತುಳಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಗೆದ್ದರೇ?" ಎಂದು ಶಿಷ್ಯ ಕೇಳಿದ.

"ಗೆದ್ದರು. ನಾಲ್ಕೇ ಸೆಕೆಂಡಿನಿಂದ."

ಶಿಷ್ಯ ಕೈ ಮುಗಿದ. "ತಿಳಿಯಿತು ಗುರುಗಳೇ. ನಾನು ಇಲ್ಲಿಗೆ ಬಂದದ್ದು ಸಾರ್ಥಕವಾಯಿತು."

ಕೆಳಗೆ ಮೆಟ್ಟಿಲುಗಳ ಕಡೆಯಿಂದ ಏದುಸಿರಿನ ಸದ್ದು ಕೇಳಿತು. ಗುರುಗಳು ಅತ್ತ ಕಿವಿಗೊಟ್ಟರು.

"ನೀನು ಇನ್ನೂ ಎಲ್ಲಿ ಬಂದಿದ್ದೀಯ?" ಎಂದರು.