ಬೆಕ್ಕು ಮುಟ್ಟದ ಹಾಲು

ಏಳು ಬೀದಿಯ ಅಡುಗೆಮನೆಗಳನ್ನು ಮೂಗಿನಿಂದಲೇ ಆಳಿದ ಚಂಚಿ ಎಂಬ ಬೆಕ್ಕಿಗೆ ಆ ಬೆಳಿಗ್ಗೆ ಬಂದ ಸಿಟ್ಟಿನಲ್ಲಿ ಒಂದು ಪಾವು ಅಕ್ಕಿ ಬೇಯಿಸಬಹುದಿತ್ತು. ಪಾಯಸಕ್ಕೆಂದು ಇಟ್ಟಿದ್ದ ಹಾಲು ಕೆಟ್ಟಿತ್ತು. "ಈ ಕಳ್ಳಿಯೇ ಬಾಯಿ ಹಾಕಿ ಕೆಡಿಸಿದ್ದು! ಇನ್ನು ಇವಳನ್ನು ಒಳಗೆ ಬಿಡಬಾರದು" ಎಂದು ಹಾಲಿನ ಪಾತ್ರೆಯ ಮುಚ್ಚಳ ಠಣಠಣ ಕೂಗಿತು.

"ಏನಂದೆ?" ಚಂಚಿ ಬಾಲ ನಿಗುರಿಸಿದಳು. "ಕದ್ದಿದ್ದರೆ ಕದ್ದೆ ಅಂತೀನಿ, ಅದು ನಮ್ಮ ಕುಲಕಸುಬು. ಈ ಹುಳಿನಾತದ ಹಾಲಿಗೆ ನಾನು ಬಾಯಿ ಹಾಕೋದಾ? ನಿನ್ನೆ ಸಂಜೆಯೇ ಹೊರಗಿನಿಂದ ಮೂಸಿ ನೋಡಿ ಮುಖ ತಿರುಗಿಸಿದೆ. ಪಾತ್ರೆಯಪ್ಪಾ, ನೀನೇ ಹೇಳು, ಕೆನೆ ಎಲ್ಲಾದರೂ ಹರಿದಿದೆಯಾ?"

"ಇಲ್ಲ ಕಣವ್ವ, ಕಟ್ಟಿದ ಹಾಗೇ ಇದೆ" ಎಂದಿತು ಪಾತ್ರೆ. "ನಿನ್ನೆ ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದ ಕೂಡಲೇ ಈ ಮುಚ್ಚಳ ಮಹಾರಾಯ ಸಂದು ಬಿಡದೆ ಮೇಲೆ ಕೂತ. ಆರಲು ಬಿಡಪ್ಪಾ ಅಂದೆ, ಕೇಳಲಿಲ್ಲ. ದಿನವಿಡೀ ಒಳಗೇ ಬೆಚ್ಚಗೆ ಕೂತು ಹಾಲು ಹುಳಿಯಾಯಿತು."

ಮುಚ್ಚಳದ ಒಳಮೈಯಿಂದ ಇನ್ನೂ ಆವಿಯ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಅದು ಬುದ್ಧಿ ಕಲಿತು, ಸಂದು ಬಿಟ್ಟು ವಾರೆಯಾಗಿ ಕೂತಿತು. ಹಾಲು ಕೆಡಲಿಲ್ಲ. ಉಳಿಯಲೂ ಇಲ್ಲ.

"ಹಾಂ," ಎಂದು ಚಂಚಿ ಮೀಸೆಯ ಕೆನೆ ನೆಕ್ಕಿಕೊಂಡಳು, "ಈಗ ಕೂಗು ನನ್ನ ಹೆಸರು!"