ತಂತಿ ಕಡಿದ ಮೇಲಿನ ಗೇರು

"ಬುದ್ಧಿ, ನೀವು ಎದುರಿಗಿದ್ದರೆ ನನ್ನ ಸಿಟ್ಟು ತಲೆ ಎತ್ತುವುದಿಲ್ಲ. ನಾಳೆ ನಾನು ಶಾಖಾಮಠಕ್ಕೆ ಹೋಗುತ್ತೇನೆ. ಅಲ್ಲಿ ನನ್ನನ್ನು ತಡೆಯುವವರು ಯಾರು?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಜಪಾನಿನ ಒಂದು ಗುಡ್ಡದ ಊರಿನಲ್ಲಿ ಒಬ್ಬ ಕಸುಬುದಾರನಿದ್ದ. ಸೈಕಲ್ಲಿನ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವಿದೆಯಲ್ಲ, ಡಿರೇ... ಡಿರೇಲರ್ ಅನ್ನುತ್ತಾರೆ, ಅದನ್ನು ಮಾಡುವುದು ಅವನ ಕೆಲಸ. ಅದರಲ್ಲಿ ಸವಾರ ಎಳೆಯುವ ತಂತಿ ಒಂದು ಕಡೆ ಜಗ್ಗಿದರೆ, ಒಳಗಿನ ಸ್ಪ್ರಿಂಗು ಇನ್ನೊಂದು ಕಡೆ ಜಗ್ಗುತ್ತದೆ. ಊರಿನ ಉಳಿದವರು ಮಾಡುತ್ತಿದ್ದ ಡಿರೇಲರಿನಲ್ಲಿ ತಂತಿ ಹಗುರ ಗೇರಿನ ಕಡೆಗೆ, ಸ್ಪ್ರಿಂಗು ಭಾರದ ಗೇರಿನ ಕಡೆಗೆ. ಇವನು ಎರಡನ್ನೂ ಅದಲುಬದಲು ಮಾಡಿದ, ತಂತಿ ಭಾರದ ಕಡೆಗೆ, ಸ್ಪ್ರಿಂಗು ಹಗುರದ ಕಡೆಗೆ. ಅಂಥವು ಕೆಲವನ್ನೇ ಮಾಡಿದ.

ಅವುಗಳನ್ನು ನೋಡಿ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಊರೆಲ್ಲ ಬಲಗೈಯಲ್ಲಿ ಉಂಡರೆ ನೀನು ಎಡಗೈಯಲ್ಲಿ ಉಣ್ಣುವವನು ಎಂದ. ಗುಡ್ಡದ ಪಂದ್ಯದಲ್ಲಿ ಯಾರಾದರೂ ಇದನ್ನು ಹಾಕಿಕೊಂಡು ಸೈಕಲ್ಲಿನಿಂದ ಇಳಿಯದೆ ತುದಿ ಮುಟ್ಟಿದರೆ ಎಲ್ಲವನ್ನೂ ಕೊಳ್ಳುವೆ, ಇಲ್ಲದಿದ್ದರೆ ಕರಗಿಸಿಬಿಡು ಎಂದು ಪಣ ಕಟ್ಟಿದ. ಕಸುಬುದಾರ ಒಪ್ಪಿದ.

ತೋಫು, ಅಂದರೆ ಸೋಯಾ ಪನೀರು, ಮಾರುವ ಒಬ್ಬ ಹೆಂಗಸು ಅದನ್ನು ತನ್ನ ಸೈಕಲ್ಲಿಗೆ ಹಾಕಿಸಿಕೊಂಡಳು. ಹಳೆಯ ಅಭ್ಯಾಸದ ಕೈ. ಪಂದ್ಯ ಶುರುವಾದ ಕೂಡಲೇ ಹಗುರ ಬೇಕೆಂದು ಎಳೆದಳು, ಭಾರದ ಗೇರು ಬಂತು. ಜನ ನಕ್ಕರು. ಅವಳೂ ನಕ್ಕಳು. ಎಲ್ಲರಿಗಿಂತ ಹಿಂದೆ ಬಿದ್ದಳು.

ಕೊನೆಯ ಏರಿನ ತಿರುವಿನಲ್ಲಿ ಕಸುಬುದಾರ ನಿಂತಿದ್ದ. ಅವಳು ಅಲ್ಲಿಗೆ ಬರುತ್ತಿದ್ದಂತೆಯೇ ತಂತಿ ಟಣ್ಣೆಂದು ಕಡಿಯಿತು. ಆ ಏರಿನಲ್ಲಿ ತಂತಿ ಕಡಿದುಹೋದವರು ಭಾರದ ಗೇರಿಗೆ ಬಿದ್ದು ಅದುವರೆಗೆ ಸೈಕಲ್ಲು ತಳ್ಳಿಕೊಂಡೇ ಹೋಗಿದ್ದರು.

ಆದರೆ ಚೈನು ತಾನಾಗಿಯೇ ಹಗುರ ಗೇರಿನ ದೊಡ್ಡ ಹಲ್ಲಿನ ಚಕ್ರಕ್ಕೆ ಜಾರಿತು. ಪೆಡಲು ಹೂವಿನಷ್ಟು ಹಗುರವಾಯಿತು. ನೇತಾಡುವ ತಂತಿಯನ್ನು ಒಮ್ಮೆ ನೋಡಿ ಅವಳು ಕಿಲಕಿಲನೆ ನಗುತ್ತಾ ಏರು ಹತ್ತಿದಳು. ಕಸುಬುದಾರ ಮುದುಕ, ಆದರೂ ಪಕ್ಕದಲ್ಲೇ ಓಡಿದ. ಎಲ್ಲರಿಗಿಂತ ಕೊನೆಗೆ ಬಂದವಳನ್ನು ಜನ ಗೆದ್ದವಳಂತೆ ಎತ್ತಿಕೊಂಡರು.

ವ್ಯಾಪಾರಿ ಬಗ್ಗಿ ಕಡಿದ ತಂತಿಯನ್ನು ಮುಟ್ಟಿ ನೋಡಿದ. "ಮತ್ತೆ ಗೇರನ್ನು ಯಾರಯ್ಯಾ ಎಳೆದದ್ದು?"

"ಯಾರೂ ಎಳೆಯಲಿಲ್ಲ, ಸಾಹುಕಾರರೇ. ಕೈಬಿಟ್ಟರೆ ಅದು ಹೋಗುವುದೇ ಅಲ್ಲಿಗೆ," ಎಂದ ಕಸುಬುದಾರ.

ವ್ಯಾಪಾರಿ ಡಿರೇಲರುಗಳನ್ನೆಲ್ಲ ಕೊಂಡ. ಸಾಲದ್ದಕ್ಕೆ ಅವಳ ತೋಫನ್ನೂ ಕೊಂಡು ಊರಿಗೆಲ್ಲ ಹಂಚಿದ.

ಕತೆ ಮುಗಿಸಿ ಗುರುಗಳು ಶಿಷ್ಯನ ಬಟ್ಟೆಗಂಟನ್ನು ಎತ್ತಿ ಅವನ ಕೈಗಿಟ್ಟರು. ಅವನು ಇನ್ನೂ ಏನೋ ಕೇಳಲು ಬಾಯಿ ತೆರೆದಿದ್ದ.

"ಇಷ್ಟು ವರ್ಷ ನಾನು ತಂತಿ ಹಿಡಿದು ಕೂತಿದ್ದೆ ಅಂದುಕೊಂಡೆಯಾ, ಮಗನೇ? ಸ್ಪ್ರಿಂಗು ಕೂರಿಸುತ್ತಿದ್ದೆ."