ಬಿಸಿಲು ಮಾರಿದವನು

"ಗುರುಗಳೇ, ಮಠದ ಮಾಳಿಗೆಗೆ ಸೋಲಾರ್ ಹಾಕಿಸಿದರೆ, ಹಾಕಿದ ದುಡ್ಡು ಎಂದಿಗೆ ತಿರುಗಿ ಬಂದೀತು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಮನೆಯಲ್ಲಿ ಅವನು, ಅವನ ಮುದಿ ತಾಯಿ, ಇಬ್ಬರೇ. ಕೂಡಿಟ್ಟದ್ದನ್ನೆಲ್ಲ ಸುರಿದು ಅವನು ಮಾಳಿಗೆ ತುಂಬ ಸೋಲಾರ್ ಹಲಗೆ ಹಾಕಿಸಿದ. ತಾಯಿ ಅಲ್ಲೇ ಹಪ್ಪಳ ಒಣಗಿಸುತ್ತಿದ್ದಳು. ಚಾಪೆ ಸುತ್ತಿಕೊಂಡು ಅಂಗಳಕ್ಕೆ ಇಳಿದಳು.

ಮನೆಯಲ್ಲಿ ಬಳಸಿ ಉಳಿದ ಕರೆಂಟನ್ನು ವಿದ್ಯುತ್ ಕಂಪನಿಯವರು ಮೀಟರು ಹಾಕಿ ಅಳೆದು, ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ವ್ಯಾಪಾರಿಯಲ್ಲವೇ, ಅವನಿಗೆ ಆಸೆ ಹುಟ್ಟಿತು. ಬಳಸದೇ ಇದ್ದರೆ ಎಲ್ಲವೂ ಉಳಿಯಿತಲ್ಲ!

"ಅವ್ವ, ಹಾಕಿದ ದುಡ್ಡು ಬರುವ ತನಕ ಫ್ಯಾನೇ ಬೇಡ" ಎಂದ.

"ಆಗಲಪ್ಪ" ಎಂದಳು.

ಬೇಸಿಗೆ ಬಂತು. ಬಿಸಿಲು ಏರಿದಷ್ಟೂ ಅವನಿಗೆ ಲಾಭ. ಬಿಸಿಲು ಏರಿದಷ್ಟೂ ಅವಳಿಗೆ ಸಂಕಟ. ಅವನು ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದ, ಅದು ಅವನ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಮನೆಗೆ ಬಂದು ಉಂಡು, ನೆಲದ ಮೇಲೆ ದಿಂಬು ಹಾಕಿಕೊಂಡು ಒರಗಿದ. ತಣ್ಣಗೆ ಗಾಳಿ ಬಂತು. ಸುಖವಾಗಿ ನಿದ್ದೆ ಹೋದ.

ಎಚ್ಚರವಾದಾಗ ನೋಡುತ್ತಾನೆ, ಫ್ಯಾನು ತಿರುಗುತ್ತಿಲ್ಲ. ತಲೆಯ ಬಳಿ ತಾಯಿ ಕೂತು ಬೀಸಣಿಗೆ ಬೀಸುತ್ತಿದ್ದಾಳೆ. ಅವಳ ಸೆರಗು ಬೆವರಿಗೆ ಒದ್ದೆಯಾಗಿದೆ.

"ಅವ್ವ, ಇದೇನು ಮಾಡ್ತಿದ್ದೀ?"

"ಫ್ಯಾನು ಆದರೆ ಕರೆಂಟು ತಿನ್ನುತ್ತೆ. ನನ್ನ ಕೈ ಏನು ತಿನ್ನುತ್ತೆ? ಸುಮ್ಮನೆ ಮಲಕ್ಕೋ. ನಿನ್ನ ಮೀಟರು ಓಡಲಿ."

ಅವನು ಎದ್ದು ಗುಂಡಿ ಒತ್ತಿದ. ನಿಂತೇ ಇದ್ದ ರೆಕ್ಕೆಗಳ ಧೂಳೆಲ್ಲ ಇಬ್ಬರ ತಲೆ ಮೇಲೆ ಉದುರಿತು.

"ಅಯ್ಯೋ ಮಾರಾಯ, ನಿನ್ನ ದುಡ್ಡು!" ಎಂದು ತಾಯಿ ಕೂಗಿದಳು.

ಅವನು ಅವಳ ಕೈಯಿಂದ ಬೀಸಣಿಗೆ ತೆಗೆದು ಗೂಡಿನಲ್ಲಿಟ್ಟ. ತನ್ನ ದಿಂಬನ್ನು ಅವಳ ತಲೆಗೆ ಕೊಟ್ಟ. "ಒಂದು ಗಳಿಗೆ ಅಷ್ಟೇ, ಆಮೇಲೆ ಆರಿಸಿಬಿಡು..." ಎನ್ನುತ್ತಲೇ ಅವಳಿಗೆ ಜೊಂಪು ಹತ್ತಿತು. ಬಾಗಿಲು ಕಿರುಗುಟ್ಟಿ ಅವಳಿಗೆ ಎಚ್ಚರವಾದೀತೆಂದು ಅವನು ಆ ದಿನ ಮತ್ತೆ ಅಂಗಡಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಅವನ ದುಡ್ಡು? ಅದು ಎಂದಿಗೆ ತಿರುಗಿ ಬಂತು?"

"ತಾಯಿಗೆ ಜೊಂಪು ಹತ್ತಿತಲ್ಲ ಮಗೂ, ಆ ಹೊತ್ತಿಗೇ ಬಂತು."